ಮೊದಲು ಹೋಗಿ ಕೂತು ಕಲಿ

ಮಗು, ನೀನು ಕೇಳಿದ್ದಕ್ಕೆ ಫೋನಿನಲ್ಲಿ ಎರಡು ಮಾತಿನ ಉತ್ತರ ಕೊಡಲು ಮನಸ್ಸಾಗಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಗೆಳೆಯರ ಗುಂಪಿನಲ್ಲಿ ಧರ್ಮದ ಮಾತು ಬಂದು ಜಗಳವಾಗಿದೆ, ನೀನೂ ಒಂದು ಪಕ್ಷ ಹಿಡಿದಿದ್ದೀಯ. ವಾದಕ್ಕೆ ಕುರಾನಿನಿಂದ ನಾಲ್ಕು ಸಾಲು ಬೇಕಾಗಿದೆ, ಶನಿವಾರ ಭಾನುವಾರದಲ್ಲಿ ಓದಿ ಮುಗಿಸುವಂಥ ಪುಸ್ತಕ ಯಾವುದು ಎಂದು ಕೇಳಿದೆ. ಅಂಥ ಪುಸ್ತಕದ ಹೆಸರು ನಾನು ಹೇಳುವುದಿಲ್ಲ. ಇನ್ನೊಬ್ಬರ ಧರ್ಮದ ಬಗ್ಗೆ ಬಾಯಿ ತೆರೆಯುವ ಅಧಿಕಾರ ಮನುಷ್ಯನಿಗೆ ಹೇಗೆ ಬರುತ್ತದೆ ಎಂಬುದನ್ನು ಬದುಕಿ ತೋರಿಸಿದವರೊಬ್ಬರ ಕಥೆ ಹೇಳುತ್ತೇನೆ. ಸ್ವಲ್ಪ ಉದ್ದ ಇದೆ, ತಾಳ್ಮೆಯಿಂದ ಓದು.

ಅವರ ಹೆಸರು ಗಿರೀಶಚಂದ್ರ ಸೇನ್. ಬಂಗಾಳದವರು ಅವರನ್ನು ಭಾಯಿ ಗಿರೀಶಚಂದ್ರ ಎನ್ನುತ್ತಾರೆ. ಪೂರ್ತಿ ಕುರಾನನ್ನು ಮೊದಲ ಬಾರಿಗೆ ಬಂಗಾಳಿಗೆ ತಂದವರು ಅವರು. ಮುಸಲ್ಮಾನರಾಗಿರಲಿಲ್ಲ, ಹಿಂದೂ ವೈದ್ಯ ಜಾತಿಯಲ್ಲಿ ಹುಟ್ಟಿ ಬ್ರಹ್ಮಸಮಾಜಕ್ಕೆ ಸೇರಿದವರು. ಹುಟ್ಟಿದ್ದು 1834ರ ಸುಮಾರಿಗೆ, ಪಾಂಚ್‌ದೋನಾ ಎಂಬ ಹಳ್ಳಿಯಲ್ಲಿ. ಢಾಕಾದಿಂದ ದೂರವಿಲ್ಲದ ಆ ಊರು ಈಗ ಬಾಂಗ್ಲಾದೇಶದ ನರಸಿಂಗ್ದಿ ಜಿಲ್ಲೆಯಲ್ಲಿದೆ. ಅವರ ಹಿರಿಯರು ನವಾಬರ ಆಳ್ವಿಕೆಯಲ್ಲಿ ದಿವಾನಗಿರಿ ಮಾಡಿದವರಾದ್ದರಿಂದ ಮನೆಯಲ್ಲಿ ಫಾರ್ಸಿ ಓದುವ ಪದ್ಧತಿ ಇತ್ತು. ಆದರೆ ಕಾಲ ತಿರುಗಿತ್ತು. 1837ರಲ್ಲಿ ಕಂಪನಿ ಸರ್ಕಾರ ಕಚೇರಿಗಳಿಂದ ಫಾರ್ಸಿಯನ್ನು ತೆಗೆದುಹಾಕಿತು. ಇಂಗ್ಲಿಷ್ ಬಲ್ಲವನಿಗೆ ಕೆಲಸ, ಫಾರ್ಸಿ ಬಲ್ಲವನಿಗೆ ಹಳೇ ಗೌರವ ಮಾತ್ರ ಎನ್ನುವಂಥ ದಿನಗಳಲ್ಲಿ ಈ ಹುಡುಗ ಬೆಳೆದ. ಢಾಕಾದ ಶಾಲೆಯೊಂದಕ್ಕೆ ಸೇರಿಸಿದರು. ಅಲ್ಲಿ ಪಾಠ ಒಪ್ಪಿಸದ ಒಬ್ಬ ಹುಡುಗನಿಗೆ ಮೇಷ್ಟ್ರು ದನಕ್ಕೆ ಬಡಿದ ಹಾಗೆ ಬಡಿದದ್ದನ್ನು ಕಂಡು ಹೆದರಿ ಓಡಿಬಂದ ಅವನು ಮತ್ತೆ ಆ ಕಡೆ ಹೋಗಲಿಲ್ಲ. ಮುಂದೆ ಕಲಿತದ್ದೆಲ್ಲ ಊರಿನ ಮುನ್ಷಿಗಳಿಂದ ಮತ್ತು ಪಂಡಿತರಿಂದ. ಮೈಮನ್‌ಸಿಂಗ್ ಪಟ್ಟಣದಲ್ಲಿ ಡೆಪ್ಯುಟಿ ಮ್ಯಾಜಿಸ್ಟ್ರೇಟರ ಕಚೇರಿಯಲ್ಲಿ ಕಾಗದಪತ್ರ ನಕಲು ಮಾಡುವ ಗುಮಾಸ್ತನಾಗಿದ್ದರು, ಆಮೇಲೆ ಶಾಲಾ ಮೇಷ್ಟ್ರಾದರು. ಸಂಸ್ಕೃತವನ್ನೂ ಕಲಿತರು. ‘ಢಾಕಾ ಪ್ರಕಾಶ’ ಪತ್ರಿಕೆಗೆ ಬರೆಯತೊಡಗಿದರು. ಇವರ ಮೊದಲ ಪುಸ್ತಕಗಳಲ್ಲಿ ಒಂದು, 1869ರಲ್ಲಿ ಬಂದ ‘ಬ್ರಹ್ಮಮಯೀ ಚರಿತ’, ತೀರಿಕೊಂಡ ಪತ್ನಿಯ ಜೀವನ ಚರಿತ್ರೆ. ಹೆಂಡತಿಯ ಬದುಕೂ ಬರೆದಿಡಲು ಯೋಗ್ಯ ಎಂದು ಆ ಕಾಲದ ಗಂಡಸರಲ್ಲಿ ಎಷ್ಟು ಜನಕ್ಕೆ ಅನ್ನಿಸಿರಬಹುದು, ನೀನೇ ಯೋಚಿಸು. ನನಗೆ ಇವರ ಮೇಲೆ ಗೌರವ ಹುಟ್ಟುವುದೇ ಅಲ್ಲಿಂದ.

ಮೈಮನ್‌ಸಿಂಗ್‌ನಲ್ಲಿದ್ದಾಗಲೇ ಬ್ರಹ್ಮಸಮಾಜದ ಗಾಳಿ ಬೀಸಿತು. ರಾಮಮೋಹನ ರಾಯರು 1828ರಲ್ಲಿ ಕಲ್ಕತ್ತದಲ್ಲಿ ಹುಟ್ಟುಹಾಕಿದ ಸಭೆ ಅದು. ರಾಯರನ್ನು ನೀನು ಸತಿ ಪದ್ಧತಿಯ ವಿರುದ್ಧ ಹೋರಾಡಿದವರೆಂದು ಶಾಲೆಯಲ್ಲಿ ಓದಿರುತ್ತೀಯ. ಅವರ ಮೊದಲ ಪುಸ್ತಕ ‘ತುಹ್ಫತುಲ್ ಮುವಹ್ಹಿದೀನ್’ ಫಾರ್ಸಿಯಲ್ಲಿತ್ತು, ಅದಕ್ಕೆ ಮುನ್ನುಡಿ ಅರಬ್ಬಿಯಲ್ಲಿತ್ತು ಎಂಬುದನ್ನು ಮಾತ್ರ ಪಠ್ಯಪುಸ್ತಕ ಹೇಳುವುದಿಲ್ಲ. ಆ ಸಮಾಜದಲ್ಲಿ ಪರರ ಶಾಸ್ತ್ರವನ್ನು ಮೂಲದಲ್ಲೇ ಓದುವ ರೂಢಿ ಮೊದಲಿಂದ ಇತ್ತು ಎನ್ನುವುದಕ್ಕೆ ಈ ಮಾತು ಹೇಳಿದೆ. 1871ರಲ್ಲಿ ಗಿರೀಶಚಂದ್ರರು ಬಿಜಯಕೃಷ್ಣ ಗೋಸ್ವಾಮಿಯವರಿಂದ ದೀಕ್ಷೆ ತೆಗೆದುಕೊಂಡರು. ವಿಗ್ರಹ ಬಿಟ್ಟು, ಜಾತಿ ಬಿಟ್ಟು ಬ್ರಹ್ಮಸಮಾಜಿಯಾಗುವುದು ಅಂದರೆ ಆ ಕಾಲಕ್ಕೆ ನೆಂಟರ ಪಂಕ್ತಿಯಿಂದ ಎದ್ದುಹೋದಂತೆಯೇ. ಕೆಲಸವನ್ನೂ ಬಿಟ್ಟು ಅವರು ಸಮಾಜದ ಪ್ರಚಾರಕರಾದರು.

ಆಗ ಸಮಾಜದ ಒಂದು ಕವಲಿಗೆ ಕೇಶವಚಂದ್ರ ಸೇನ್ ನಾಯಕರು. ಎಲ್ಲ ಧರ್ಮಗಳ ಒಳಗಿನ ಸತ್ಯ ಒಂದೇ ಎಂದು ಅವರು ವೇದಿಕೆಯ ಮೇಲೆ ಅದ್ಭುತವಾಗಿ ಮಾತಾಡುತ್ತಿದ್ದರು. ಎಲ್ಲ ಧರ್ಮಗಳೂ ಒಂದೇ ಎನ್ನುವುದು ಬಹಳ ಸುಲಭದ ಮಾತು, ಅದನ್ನು ನಿನ್ನ ಗೆಳೆಯರಲ್ಲೂ ಯಾರಾದರೂ ಹೇಳಿರುತ್ತಾರೆ. ಆದರೆ ಕೇಶವರು ಅಲ್ಲಿಗೇ ನಿಲ್ಲಲಿಲ್ಲ ಎನ್ನುವುದು ಅವರ ದೊಡ್ಡತನ. ಒಂದೇ ಎನ್ನಬೇಕಾದರೆ ಒಂದೊಂದನ್ನೂ ಯಾರಾದರೂ ಜೀವಮಾನವಿಟ್ಟು ಓದಬೇಕು ಎಂದು ತಮ್ಮ ನಾಲ್ವರು ಸಂಗಾತಿಗಳಿಗೆ ಕೆಲಸ ಹಂಚಿದರು. ಗೌರಗೋವಿಂದ ರಾಯರಿಗೆ ಹಿಂದೂ ಶಾಸ್ತ್ರ, ಪ್ರತಾಪಚಂದ್ರ ಮಜುಂದಾರರಿಗೆ ಕ್ರೈಸ್ತ ಧರ್ಮ, ಅಘೋರನಾಥ ಗುಪ್ತರಿಗೆ ಬೌದ್ಧ ಧರ್ಮ, ಫಾರ್ಸಿ ಬಲ್ಲ ಗಿರೀಶಚಂದ್ರರಿಗೆ ಇಸ್ಲಾಂ. ನಾಲ್ವರೂ ಆ ಮಾತನ್ನು ಉಳಿಸಿಕೊಂಡರು. ಗೌರಗೋವಿಂದರು ಗೀತೆಗೆ ಸಂಸ್ಕೃತದಲ್ಲಿ ಭಾಷ್ಯ ಬರೆದರು. ಪ್ರತಾಪಚಂದ್ರರು ಯೇಸುವಿನ ಬಗ್ಗೆ ಬರೆದ ಪುಸ್ತಕವನ್ನು ಕ್ರೈಸ್ತರೇ ಓದಿದರು. ಅಘೋರನಾಥರು ಬುದ್ಧನ ಚರಿತ್ರೆ ಬರೆದು ಸಣ್ಣ ವಯಸ್ಸಿಗೇ ತೀರಿಕೊಂಡರು.

ಗಿರೀಶಚಂದ್ರರ ಮುಂದಿದ್ದ ತೊಡಕು ಇದು: ಫಾರ್ಸಿ ಚೆನ್ನಾಗಿ ಬರುತ್ತಿತ್ತು, ಉರ್ದು ಬರುತ್ತಿತ್ತು, ಅರಬ್ಬಿ ಬರುತ್ತಿರಲಿಲ್ಲ. ಶಾ ಅಬ್ದುಲ್ ಖಾದಿರರ ಉರ್ದು ಕುರಾನ್ ಆಗಲೇ ಇತ್ತು. ಅದನ್ನು ನೋಡಿಕೊಂಡು ಬಂಗಾಳಿ ಮಾಡಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರಿಗೆ ಅದು ಸರಿಬರಲಿಲ್ಲ. 1876ರಲ್ಲಿ, 42ನೇ ವಯಸ್ಸಿನಲ್ಲಿ, ಅರಬ್ಬಿ ಕಲಿಯಲು ಲಖನೌಗೆ ಹೊರಟರು.

ಇಲ್ಲಿ ಸ್ವಲ್ಪ ನಿಲ್ಲು, ಮಗು. ನಿನಗೆ ಈಗ ಇಪ್ಪತ್ತಾರು. ಹೋದ ಸಲ ಬಂದಾಗ, ಹೊಸ ಭಾಷೆ ಕಲಿಯುವ ವಯಸ್ಸು ನನಗೆ ಮುಗಿಯಿತು ಅಂದೆ. ಆ ಕಾಲದಲ್ಲಿ ನಲವತ್ತೆರಡು ಅಂದರೆ ಮನುಷ್ಯ ಮೊಮ್ಮಕ್ಕಳನ್ನು ಕಾಣುವ ವಯಸ್ಸು. ಆ ವಯಸ್ಸಿನ ಒಬ್ಬ ಮೇಷ್ಟ್ರು, ಪತ್ರಿಕೆಗಳಲ್ಲಿ ಹೆಸರು ಮಾಡಿದವರು, ನೂರಾರು ಮೈಲಿ ಆಚೆಯ ಊರಿಗೆ ಹೋಗಿ ಮೌಲವಿ ಎಹಸಾನ್ ಅಲಿ ಎಂಬ ಮುದುಕರ ಮುಂದೆ ಶಿಷ್ಯನಾಗಿ ಕೂತರು. ಲಖನೌ 1857ರ ದಂಗೆಯಲ್ಲಿ ಸುಟ್ಟು ನೊಂದ ಊರು, ಅದಾಗಿ ಇನ್ನೂ ಇಪ್ಪತ್ತು ವರ್ಷವಾಗಿರಲಿಲ್ಲ. ಅಂಥ ಊರಿನ ಒಬ್ಬ ವೃದ್ಧ ವಿದ್ವಾಂಸ, ತನ್ನ ಪವಿತ್ರ ಭಾಷೆಯನ್ನು ಕಲಿಯಲು ದೂರದ ಬಂಗಾಳದಿಂದ ಬಂದ ಅನ್ಯಧರ್ಮೀಯನನ್ನು ಕೂರಿಸಿಕೊಂಡು ವ್ಯಾಕರಣ ಹೇಳಿಕೊಟ್ಟರು. ಆ ಮೌಲವಿಗಳ ದೊಡ್ಡಮನಸ್ಸು ಇಲ್ಲದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗಿರೀಶಚಂದ್ರರ ಹೆಸರು ಹೇಳುವಾಗಲೆಲ್ಲ ಎಹಸಾನ್ ಅಲಿಯವರ ಹೆಸರನ್ನೂ ಹೇಳಬೇಕು ಅನ್ನುವವನು ನಾನು. ಲಖನೌ ಬಿಟ್ಟ ಮೇಲೆ ಕಲ್ಕತ್ತದಲ್ಲಿ ಇನ್ನೊಬ್ಬ ಮೌಲವಿಗಳ ಹತ್ತಿರ, ಆಮೇಲೆ ಢಾಕಾದಲ್ಲಿ ಮತ್ತೊಬ್ಬರ ಹತ್ತಿರ ಪಾಠ ಮುಂದುವರಿಯಿತು.

ಕಲಿತದ್ದಾಯಿತು, ಮುಂದೆ ಕುರಾನಿನ ಪ್ರತಿ ಬೇಕು. ಅದನ್ನು ಅವರು ಅಂಗಡಿಯಲ್ಲಿ ಕೊಳ್ಳುವ ಹಾಗಿರಲಿಲ್ಲ. ಪವಿತ್ರ ಗ್ರಂಥವನ್ನು ಅನ್ಯಧರ್ಮೀಯನ ಕೈಗೆ ಮಾರಲು ಮುಸಲ್ಮಾನ ವ್ಯಾಪಾರಿಗಳು ಒಪ್ಪುತ್ತಿರಲಿಲ್ಲ. ಇದನ್ನು ಕೇಳಿದ ಕೂಡಲೇ ನಿನಗೆ ಸಿಟ್ಟು ಬರಬಹುದು, ನೋಡಿ ಎಷ್ಟು ಸಂಕುಚಿತ ಬುದ್ಧಿ ಎಂದು. ನಮ್ಮ ಕಡೆ ವೇದವನ್ನು ಯಾರ ಕಿವಿಗೆ ಬೀಳದಂತೆ ಎಷ್ಟು ಶತಮಾನ ಕಾಯಲಾಯಿತು ಎಂಬುದನ್ನೂ ಅದೇ ಉಸಿರಿನಲ್ಲಿ ನೆನೆ. ಗಿರೀಶಚಂದ್ರರು ಸಿಟ್ಟಾಗಲಿಲ್ಲ. ಒಬ್ಬ ಮುಸಲ್ಮಾನ ಮಿತ್ರರನ್ನು ಕೇಳಿಕೊಂಡು ಅವರ ಮೂಲಕ ಪ್ರತಿಯೊಂದನ್ನು ತರಿಸಿಕೊಂಡರು. ಆಮೇಲೆ ಮೂಲವನ್ನು ಎದುರಿಗಿಟ್ಟುಕೊಂಡು, ‘ತಫ್ಸೀರೆ ಹುಸೈನಿ’, ‘ಜಲಾಲೈನ್’ ಮೊದಲಾದ ವ್ಯಾಖ್ಯಾನಗಳನ್ನೂ ಉರ್ದು ಅನುವಾದವನ್ನೂ ಬಗಲಿಗಿಟ್ಟುಕೊಂಡು, ಆಯತ್ ಆಯತ್ ಆಗಿ, ಅಂದರೆ ಒಂದೊಂದೇ ವಚನವಾಗಿ, ಬಂಗಾಳಿ ಮಾಡುತ್ತ ಹೋದರು. ಅರ್ಥ ಬಿಗಿಯಾದ ಕಡೆಗಳಲ್ಲಿ ಅಡಿಟಿಪ್ಪಣಿ ಹಾಕಿದರು. ಆ ಟಿಪ್ಪಣಿಗಳಲ್ಲಿ ಮಾತಾಡುವವರು ಮುಸಲ್ಮಾನ ವ್ಯಾಖ್ಯಾನಕಾರರು. ಅವರು ತಮ್ಮ ಗ್ರಂಥವನ್ನು ಹೇಗೆ ಓದಿಕೊಂಡು ಬಂದಿದ್ದಾರೋ ಹಾಗೆಯೇ ಬಂಗಾಳಿ ಓದುಗನಿಗೆ ತಲುಪಿಸಬೇಕು ಎನ್ನುವ ಶಿಸ್ತು ಅದು. ವಾದಕ್ಕೆಂದು ಸಾಲು ಹುಡುಕುವವನಿಗೂ ಇವರಿಗೂ ಇರುವ ಅಂತರ ನಿನಗೆ ಕಾಣಲಿ ಎಂದೇ ಇಷ್ಟು ಬಿಡಿಸಿ ಹೇಳಿದೆ. ವಾದಿಗೆ ತನಗೆ ಬೇಕಾದ ಸಾಲು ಸಿಕ್ಕ ಕೂಡಲೇ ಓದು ಮುಗಿಯುತ್ತದೆ, ಅದರ ಹಿಂದಿನ ಸಾಲೂ ಬೇಡ, ಮುಂದಿನದೂ ಬೇಡ.

1881ರ ಕೊನೆಯಲ್ಲಿ ಮೊದಲ ಭಾಗ ಅಚ್ಚಾಯಿತು. ಅಚ್ಚಾದದ್ದು ಕಲ್ಕತ್ತದಲ್ಲೂ ಅಲ್ಲ, ಢಾಕಾದಲ್ಲೂ ಅಲ್ಲ, ಮೈಮನ್‌ಸಿಂಗ್ ಕಡೆಯ ಶೇರ್‌ಪುರ ಎಂಬ ಸಣ್ಣ ಊರಿನ ಚಾರುಯಂತ್ರ ಮುದ್ರಣಾಲಯದಲ್ಲಿ. ಅದರ ಮೇಲೆ ಅನುವಾದಕರ ಹೆಸರೇ ಇರಲಿಲ್ಲ! ವರ್ಷಗಟ್ಟಲೆ ದುಡಿದು ಮಾಡಿದ ಕೆಲಸದ ಮೇಲೆ ತನ್ನ ಹೆಸರು ಹಾಕಿಕೊಳ್ಳಲಿಲ್ಲ. ಅದರಲ್ಲಿ ಅಳುಕೂ ಇದ್ದಿರಬೇಕು, ವಿನಯವೂ ಇದ್ದಿರಬೇಕು. ಜನರು ಹೆಸರು ನೋಡಿ, ಜಾತಿ ನೋಡಿ ತೀರ್ಪು ಕೊಡುವ ಮೊದಲು ಅನುವಾದವನ್ನೇ ಓದಲಿ ಎಂಬ ಆಸೆಯೂ ಇತ್ತೆಂದು ನನಗೆ ತೋರುತ್ತದೆ. ಉಳಿದ ಭಾಗಗಳು ಕಲ್ಕತ್ತದಿಂದ ಕಂತುಕಂತಾಗಿ ಬಂದವು. ಇಡೀ ಗ್ರಂಥ ಮುಗಿದದ್ದು 1886ರಲ್ಲಿ.

ಆ ಅನುವಾದದ ಬೆಲೆ ತಿಳಿಯಬೇಕಾದರೆ ಇದನ್ನು ಕೇಳು. ಬಂಗಾಳದಲ್ಲಿ 1872ರಲ್ಲಿ ಮೊದಲ ಜನಗಣತಿ ನಡೆದಾಗ ಅಲ್ಲಿನ ಜನರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಮುಸಲ್ಮಾನರೆಂದು ಗೊತ್ತಾಗಿ ಕಲ್ಕತ್ತದ ವಿದ್ಯಾವಂತರೂ ಅಧಿಕಾರಿಗಳೂ ಬೆರಗಾಗಿದ್ದರು. ಗದ್ದೆ ಉಳುವವರು, ದೋಣಿ ನಡೆಸುವವರು, ಬಟ್ಟೆ ನೇಯುವವರು ಅವರು. ಮಾತಾಡುವುದು ಬಂಗಾಳಿ, ಪ್ರಾರ್ಥನೆಯಲ್ಲಿ ಹೇಳುವುದು ಅರಬ್ಬಿ. ಹೇಳುವುದರ ಅರ್ಥವನ್ನು ಇಡಿಯಾಗಿ ಅವರ ಮನೆಮಾತಿನಲ್ಲಿ ಓದಿಕೊಳ್ಳಲು ಒಂದು ಪುಸ್ತಕವಿರಲಿಲ್ಲ. ಕೆಲವರು ಅಲ್ಲಲ್ಲಿ ಬಿಡಿಭಾಗಗಳನ್ನು ಬಂಗಾಳಿ ಮಾಡಿದ್ದರು, ಅಷ್ಟೆ. ಪಕ್ಕದ ಮನೆಯ ಹಿಂದೂವಿಗಂತೂ ನೆರೆಯವನ ನಂಬಿಕೆಯ ಬುಡ ಯಾವುದೆಂದು ತಿಳಿಯುವ ದಾರಿಯೇ ಇರಲಿಲ್ಲ. ಇಬ್ಬರಿಗೂ ಆ ಬಾಗಿಲು ತೆರೆದದ್ದು ಈ ಕೆಲಸದಿಂದ.

ಎಲ್ಲರೂ ಮೆಚ್ಚಿದರು ಎಂದುಕೊಳ್ಳಬೇಡ. ಕಾಫಿರನೊಬ್ಬ ನಮ್ಮ ಗ್ರಂಥಕ್ಕೆ ಕೈ ಹಾಕಿದ್ದಾನೆ ಎಂದು ಕೆಂಡವಾದವರಿದ್ದರು. ಆದರೆ ಪುಸ್ತಕ ತೆರೆದು ಓದಿದ ಮುಸಲ್ಮಾನ ವಿದ್ವಾಂಸರು, ಕಲ್ಕತ್ತ ಮದರಸದಲ್ಲಿ ಓದಿದವರು, ಅನುವಾದಕ ಯಾರೆಂದು ತಿಳಿಯದೆಯೇ ಮೆಚ್ಚುಗೆಯ ಕಾಗದ ಬರೆದರು. ಜನ ಅವರನ್ನು ಮೌಲವಿ ಗಿರೀಶಚಂದ್ರ ಎಂದು ಕರೆಯತೊಡಗಿದರು. ಎಷ್ಟೋ ವರ್ಷಗಳ ಮೇಲೆ, ಬಂಗಾಳದ ಹೆಸರಾಂತ ಪತ್ರಕರ್ತರೂ ಧರ್ಮಪಂಡಿತರೂ ಆದ ಮೌಲಾನಾ ಅಕ್ರಮ್ ಖಾನ್ ಈ ಅನುವಾದವನ್ನು ಮನಸಾರೆ ಹೊಗಳಿದರು. ತಮ್ಮದೇ ಗ್ರಂಥದ ವಿಚಾರದಲ್ಲಿ ಹೊರಗಿನವನ ಕೆಲಸವನ್ನು ಹೊಗಳಬೇಕಾದರೆ ಅದರಲ್ಲಿ ಪ್ರಾಮಾಣಿಕತೆ ಎಷ್ಟಿರಬೇಕು! ಇಂಥ ಒಪ್ಪಿಗೆಯನ್ನು ಜಗಳದಲ್ಲಿ ಗೆದ್ದು ಪಡೆಯಲು ಆಗುವುದಿಲ್ಲ.

ಇನ್ನೊಂದು ಸಂಗತಿ ಹೇಳದೆ ಬಿಟ್ಟರೆ ನಿನಗೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಕೆಲಸ ಹಂಚಿಕೊಟ್ಟ ಕೇಶವಚಂದ್ರರು ಮುಂದೆ ಎಡವಿದರು. 1872ರಲ್ಲಿ ಬ್ರಹ್ಮಸಮಾಜಿಗಳ ಮದುವೆಗೆ ಕಾಯಿದೆ ಬರಲು ಅವರೇ ಹೋರಾಡಿದ್ದರು, ಅದರ ಪ್ರಕಾರ ಹುಡುಗಿಗೆ ಕನಿಷ್ಠ 14 ತುಂಬಿರಬೇಕು. ಆರು ವರ್ಷ ಕಳೆದು, 1878ರಲ್ಲಿ, ಕೂಚ್‌ಬಿಹಾರದ ರಾಜಮನೆತನದಿಂದ ಸಂಬಂಧ ಬಂದಾಗ, ಇನ್ನೂ 14 ತುಂಬದ ತಮ್ಮ ಮಗಳನ್ನು ಕೊಟ್ಟು ಮದುವೆ ಮಾಡಿದರು. ಸಮಾಜ ಒಡೆಯಿತು. ಮನನೊಂದ ಬಹಳ ಜನ ಹೊರಗೆ ಹೋಗಿ ಸಾಧಾರಣ ಬ್ರಹ್ಮಸಮಾಜ ಕಟ್ಟಿಕೊಂಡರು. ಗಿರೀಶಚಂದ್ರರಿಗೆ ದೀಕ್ಷೆ ಕೊಟ್ಟ ಬಿಜಯಕೃಷ್ಣರೂ ಹಾಗೆ ಹೋದವರಲ್ಲಿ ಒಬ್ಬರು. ಗಿರೀಶಚಂದ್ರರು ಕೇಶವರ ಜೊತೆಯಲ್ಲೇ ಉಳಿದರು. ಹೊರಗೆ ಹೋದವರದು ನ್ಯಾಯವಾದ ಸಿಟ್ಟು, ನಾನು ಆ ಕಾಲದಲ್ಲಿದ್ದಿದ್ದರೆ ಅವರ ಜೊತೆಗೇ ಹೋಗುತ್ತಿದ್ದೆ ಅನಿಸುತ್ತದೆ. ಆದರೂ ಆ ಗದ್ದಲದ ವರ್ಷಗಳಲ್ಲಿ, ಸಮಾಜದವರೆಲ್ಲ ಪರಸ್ಪರರ ಮೇಲೆ ಕರಪತ್ರ ಬರೆಯುತ್ತಿದ್ದಾಗ, ಇವರು ಅರಬ್ಬಿ ಪುಸ್ತಕ ಮುಚ್ಚಲಿಲ್ಲ ಎನ್ನುವುದನ್ನು ನಾನು ಮರೆಯಲಾರೆ. ನಿನಗೂ ಮುಂದೆ ಇಂಥದ್ದು ಒದಗುತ್ತದೆ. ದಾರಿ ತೋರಿಸಿದ ಹಿರಿಯರೇ ದಾರಿ ತಪ್ಪುತ್ತಾರೆ. ತಪ್ಪನ್ನು ತಪ್ಪೆಂದು ಹೇಳು, ಮುಲಾಜು ಬೇಡ. ಅವರು ಕೊಟ್ಟ ಒಳ್ಳೆಯ ಕೆಲಸವನ್ನು ಆ ಸಿಟ್ಟಿಗೆ ಬಲಿ ಕೊಡಬೇಡ. ಕೇಶವರು 1884ರ ಜನವರಿಯಲ್ಲಿ, ಐವತ್ತೂ ತುಂಬದೆ, ಹೋಗಿಬಿಟ್ಟರು. ಮುಗಿದ ಅನುವಾದವನ್ನು ನೋಡುವ ಯೋಗ ಅವರಿಗಿರಲಿಲ್ಲ.

ಗಿರೀಶಚಂದ್ರರು ಕುರಾನೊಂದಕ್ಕೇ ನಿಲ್ಲಲಿಲ್ಲ. ಫರೀದುದ್ದೀನ್ ಅತ್ತಾರರ ಫಾರ್ಸಿ ಗ್ರಂಥವನ್ನು ಆಧರಿಸಿ 96 ಸೂಫಿ ಸಂತರ ಚರಿತ್ರೆಗಳನ್ನು ‘ತಾಪಸಮಾಲಾ’ ಎಂಬ ಹೆಸರಿನಲ್ಲಿ ಬರೆದರು. ಪ್ರವಾದಿ ಮುಹಮ್ಮದರ ಜೀವನ ಚರಿತ್ರೆ ಬರೆದರು, ಹದೀಸ್‌ಗಳನ್ನು ಬಂಗಾಳಿಗೆ ತಂದರು, ಸಾದಿ, ಹಾಫಿಜ್ ಕವಿಗಳನ್ನು ಪರಿಚಯಿಸಿದರು. ಇಷ್ಟೆಲ್ಲ ಮಾಡಿಯೂ ಮುಸಲ್ಮಾನರಾಗಲಿಲ್ಲ. ಯಾವ ಒಂದು ಗ್ರಂಥವನ್ನೂ ತಪ್ಪೇ ಇಲ್ಲದ್ದೆಂದು ಒಪ್ಪದ ಬ್ರಹ್ಮಸಮಾಜದಲ್ಲೇ ಕೊನೆಯವರೆಗೂ ಇದ್ದರು. ನಿನ್ನ ಗುಂಪಿನಲ್ಲಿ ಯಾರೋ, ಅವರ ಪುಸ್ತಕ ಓದಿದರೆ ನಮ್ಮತನ ಹೋಗುತ್ತದೆ ಅಂದರಂತೆ. ಅರಬ್ಬಿ ಕಲಿತು ಕುರಾನಿನ ಪ್ರತಿ ಆಯತನ್ನೂ ತನ್ನ ಕೈಯಾರೆ ಬರೆದವರ ನಂಬಿಕೆ ಹೋಗಲಿಲ್ಲ ಎಂದು ಅವರಿಗೆ ಹೇಳು. ಅವರು ತಮ್ಮ ದಾರಿಯಲ್ಲೇ ಇದ್ದು, ನೆರೆಯವರ ದಾರಿಯನ್ನು ಆ ನೆರೆಯವರಷ್ಟೇ ಚೆನ್ನಾಗಿ ಬಲ್ಲವರಾಗಿದ್ದರು.

ಹೆಣ್ಣುಮಕ್ಕಳಿಗಾಗಿ ‘ಮಹಿಳಾ’ ಎಂಬ ಮಾಸಪತ್ರಿಕೆಯನ್ನೂ ಅವರು ನಡೆಸಿದರು. ರೊಕೆಯಾ ಸಖಾವತ್ ಹುಸೇನ್ ಎಂಬ ತರುಣಿ ಬರೆದ, ಒಡವೆಗಳನ್ನು ಹೆಣ್ಣಿನ ಗುಲಾಮಗಿರಿಯ ಗುರುತೆಂದು ಕರೆಯುವ ಬೆಂಕಿಯಂಥ ಲೇಖನ ಬೆಳಕು ಕಂಡದ್ದು ಅದೇ ಪತ್ರಿಕೆಯಲ್ಲಿ, 1903ರ ಹೊತ್ತಿಗೆ. ಪರದೆಯೊಳಗೆ ಬೆಳೆದು, ಮನೆಯಲ್ಲೇ ಓದು ಕಲಿತ ಮುಸ್ಲಿಂ ಹೆಣ್ಣುಮಗಳು ಆಕೆ. ಮುಂದೆ ಕಲ್ಕತ್ತದಲ್ಲಿ ಮುಸ್ಲಿಂ ಹುಡುಗಿಯರಿಗೆಂದು ಶಾಲೆ ಕಟ್ಟಿದರು. ಆಕೆಗೆ ಜಾಗ ಕೊಟ್ಟ ಸಂಪಾದಕರಿಗೆ ಆಗ ಎಪ್ಪತ್ತರ ಸಮೀಪ. ಇನ್ನೊಂದು ಸಮುದಾಯದ ಹೆಣ್ಣು ತನ್ನ ಸಮಾಜದ ಕುಂದನ್ನು ತಾನೇ ಹೇಳಿಕೊಳ್ಳಲಿ ಎಂದು ಪುಟ ಬಿಟ್ಟುಕೊಟ್ಟದ್ದು ನನಗೆ ಅನುವಾದದಷ್ಟೇ ದೊಡ್ಡದಾಗಿ ಕಾಣುತ್ತದೆ. ಅವರ ಕುಂದನ್ನು ನೀನು ಎತ್ತಿ ಆಡುವುದು ಬೇರೆ, ಅವರೇ ಆಡಲು ಜಾಗ ಕೊಡುವುದು ಬೇರೆ. 1906ರಲ್ಲಿ ಆತ್ಮಕಥೆ ಬರೆದು, 1910ರ ಆಗಸ್ಟ್ 15ರಂದು ಗಿರೀಶಚಂದ್ರರು ತೀರಿಕೊಂಡರು.

ಇದೆಲ್ಲ ದೂರದ ಬಂಗಾಳದ ಕಥೆ ಎಂದು ತಳ್ಳಿಹಾಕಬೇಡ. ಬ್ರಹ್ಮಸಮಾಜ 1870ರಲ್ಲೇ ನಮ್ಮ ಮಂಗಳೂರಿಗೂ ಬಂತು. ದಲಿತ ಮಕ್ಕಳಿಗೆ ಶಾಲೆ ತೆರೆದು, ಅದಕ್ಕಾಗಿ ಊರಿನಿಂದ ಬಹಿಷ್ಕಾರ ಉಂಡ ಕುದ್ಮುಲ್ ರಂಗರಾಯರು ಆ ಸಮಾಜದವರು. ಮಂಗಳೂರಿಗೆ ಹೋದಾಗ ಅವರ ಹೆಸರಿನ ಪುರಭವನದ ಮುಂದೆ ಹಾದುಹೋಗಿರುತ್ತೀಯ.

ಈಗ ನಿನ್ನ ಕೆಲಸಕ್ಕೆ ಬರೋಣ. ನೀನು ಲಖನೌಗೆ ಹೋಗಬೇಕಾಗಿಲ್ಲ, ಕುರಾನನ್ನು ಅನುವಾದ ಮಾಡಬೇಕಾಗಿಯೂ ಇಲ್ಲ. ಗುಂಪಿನ ಜಗಳದಿಂದ ಈವತ್ತೇ ಹೊರಗೆ ಬಾ. ಬೆಂಗಳೂರಿನಲ್ಲಿ ಅರಬ್ಬಿ, ಉರ್ದು ಹೇಳಿಕೊಡುವವರಿಗೆ ಬರವಿಲ್ಲ. ನಿನ್ನ ಆಫೀಸಿನಲ್ಲೇ ಇರುವ ಮುಸಲ್ಮಾನ ಗೆಳೆಯನನ್ನು ಕೇಳು, ಒಳ್ಳೆಯ ಉಸ್ತಾದರು ಯಾರಿದ್ದಾರೆ ಎಂದು. ಉರ್ದುವಿನಿಂದ ಶುರುಮಾಡು, ದಾರಿ ಸಲೀಸಾಗುತ್ತದೆ. ಮಾಡುವ ಪಾಠಕ್ಕೆ ಸಂಬಳ ಕೊಡು, ಬಿಟ್ಟಿ ಕಲಿಯಬೇಡ. ಅವರನ್ನು ‘ನೀವು’ ಎಂದು ಮಾತಾಡಿಸು, ವಯಸ್ಸಿನಲ್ಲಿ ನಿನಗಿಂತ ಚಿಕ್ಕವರಾದರೂ ಸರಿ. ಮೊದಲ ತಿಂಗಳು ವಾದದ ಪ್ರಶ್ನೆ ಒಂದನ್ನೂ ಒಯ್ಯಬೇಡ, ಅಕ್ಷರ ತಿದ್ದು, ಉಚ್ಚಾರ ತಿದ್ದಿಸಿಕೋ. ರಂಜಾನಿನಲ್ಲಿ ಅವರ ಮನೆಯಿಂದ ಕರೆ ಬಂದರೆ ಹೋಗು. ನಮ್ಮ ಹಬ್ಬಕ್ಕೆ ಅವರನ್ನು ಕರೆ. ವರ್ಷ ಕಳೆಯಲಿ. ಆಮೇಲೂ ನಿನಗೆ ಒಪ್ಪಿಗೆಯಾಗದ ಸಂಗತಿ ಉಳಿದಿದ್ದರೆ, ಉಳಿದೇ ಇರುತ್ತದೆ, ಅದನ್ನು ಮೊದಲು ಅವರ ಮುಂದೆಯೇ ಕೂತು ಕೇಳು. ಅವರು ಹೇಳುವುದನ್ನು ಬರೆದುಕೋ.

ಪುಸ್ತಕಗಳಿಗೆ ದುಡ್ಡು ಬೇಕಾದರೆ ಹೇಳು, ನಾನು ಕಳಿಸುತ್ತೇನೆ. ಪಾಠ ಯಾವ ದಿನ ಶುರುವಾಗುತ್ತದೆ, ಉಸ್ತಾದರು ಯಾವ ಊರಿನವರು ಎಂದು ಬರೆ.